ಬುಲೆಟ್ಟಿನ ಎಡಗಡೆ

ಪುತ್ತೂರು ಪೇಟೆಯ ದರ್ಬೆಯಲ್ಲಿ, ರಸ್ತೆಗೆ ಮುಖ ಮಾಡಿದ ಒಂದು ತಗಡಿನ ಶೆಡ್ಡಿನಲ್ಲಿ ಜಾಸಿರ್ ಹಳೆಯ ಬೈಕುಗಳನ್ನು ರಿಪೇರಿ ಮಾಡಿ ಅವುಗಳ ಎಂಜಿನ್ ಕವರುಗಳಿಗೆ ಪಾಲಿಶ್ ಹಾಕುತ್ತಿದ್ದ. ಹಾಕುತ್ತಿದ್ದ ಎನ್ನುವುದು ಮಾತಿಗೆ. ಅರ್ಧ ಹೊತ್ತು ಅವನು ಅವುಗಳೊಳಗೆ ನೋಡುತ್ತಾ ಕೂತಿರುತ್ತಿದ್ದ. ಅಲ್ಯೂಮಿನಿಯಂ ಒಮ್ಮೆ ಹೊಳಪಿಗೆ ಬಂತೆಂದರೆ ಅದರ ಉಬ್ಬಿನೊಳಗೆ ಇಡೀ ದರ್ಬೆ ಬಾಗಿ ಬಂದು ಕೂರುತ್ತದೆ. ಉದ್ದಕ್ಕೆ ಎಳೆದಂತಹ ಬಸ್ಸೊಂದು ಸದ್ದಿಲ್ಲದೆ ಈ ಅಂಚಿನಲ್ಲಿ ಹುಟ್ಟಿ ಆ ಅಂಚಿನಲ್ಲಿ ಕರಗುತ್ತದೆ. ಎದುರು ಹೋಟೆಲಿನವನು ಎತ್ತಿ ಹೊಯ್ದ ಚಾ ಗಾಳಿಯಲ್ಲೇ ನಿಂತ ಹಾಗೆ ಕಾಣುತ್ತದೆ. ಆಕಾಶವಂತೂ ಬೆರಳಿಗೆ ಸಿಗುವಷ್ಟು ಹತ್ತಿರ. ಆ ಊರಿನಲ್ಲಿ ಯಾರಿಗೂ ಅವಸರವಿಲ್ಲ. ಈ ಊರಿನ ಗಿರಾಕಿಗಳಿಗೆ ಅವಸರ ಇತ್ತು, ಆದ್ದರಿಂದ ಬೈಯುತ್ತಿದ್ದರು.

ಬಯ್ಗುಳದಲ್ಲಿ ಹೆಂಡತಿ ರಸೀನಾಳ ಪಾಲೂ ಇತ್ತು. ಕೊನೆಯ ಹೊಳಪಿಗೆ ಜಾಸಿರ್ ಮೈದಾ ಹಿಟ್ಟು ಉದುರಿಸಿ ಬಟ್ಟೆಯಿಂದ ಉಜ್ಜುತ್ತಿದ್ದ. ಪಾಲಿಶ್ ಸೋಪಿನ ಜಿಡ್ಡನ್ನು ಅದು ಚೆನ್ನಾಗಿ ಎಳೆಯುತ್ತದೆ. "ನಾನು ಮಕ್ಕಳಿಗೆ ಪರೋಟ ಮಾಡುದಾ, ಇಲ್ಲ ನೀವು ಬುಲೆಟ್ಟಿಗೆ ತಿನ್ನಿಸುದಾ ಮಾರಾಯ್ರೆ?" ಎಂದು ಅವಳು ಖಾಲಿ ಡಬ್ಬ ತೋರಿಸಿ ಕೇಳಿದರೆ ಅವನು ನಗುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಆಸೆ. ಹಳೆಯ ಕವರು ಎಂದ ಮೇಲೆ ಎಲ್ಲೋ ಒಂದು ಗುಳಿ, ಎಲ್ಲೋ ವೆಲ್ಡಿಂಗಿನ ಗುರುತು ಇದ್ದೇ ಇರುತ್ತದೆ. ಎಷ್ಟು ಉಜ್ಜಿದರೂ ಅಲ್ಲಿಗೆ ಬಂದಾಗ ಒಳಗಿನ ಊರು ಮುರಿಯುತ್ತದೆ. ಜೀವಮಾನದಲ್ಲಿ ಒಂದೇ ಒಂದು ಕವರಾದರೂ ಎಲ್ಲೂ ಮುರಿಯದೆ ಕೈಯಲ್ಲಿ ಹೊಳೆಯಬೇಕು. ಇದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ, ಹೇಳಿದರೆ ನಗುತ್ತಾರೆ.

ಹಾಗಿರುವಾಗ ನೆಲ್ಯಾಡಿ ಕಡೆಯಿಂದ ಪಿಕಪ್ಪಿನಲ್ಲಿ ಲಾಲಿ ಚೇಚಿಯ ಬುಲೆಟ್ಟು ಬಂತು. ಅಕ್ಕನಿಗೆ ಚೇಚಿ ಎನ್ನುವ, ಕೇರಳದಿಂದ ಬಂದು ಕಡಬದಾಚೆ ರಬ್ಬರ್ ಹಾಕಿದ ಮನೆತನ ಅವರದು. ಗಂಡ ಜೋಸ್ ಜೀಪು ಹಿಡಿದ ಮೇಲೆ ಬುಲೆಟ್ಟು ಚೇಚಿಯ ಕೈಗೆ ಬಂದಿತ್ತು. ಮೊಣಕಾಲು ನೋವೆಂದು ಕೆಲವು ವರ್ಷ ಕೊಟ್ಟಿಗೆಯಲ್ಲಿ ನಿಂತಿದ್ದನ್ನು ಈಗ ಮತ್ತೆ ಎಬ್ಬಿಸಬೇಕೆಂದು ಅವರ ಹಟ. ಅರುವತ್ತು ದಾಟಿದ ಹೆಂಗಸಿನ ಹಟದೆದುರು ಜೋಸ್ ಬಾಯಿ ತೆರೆಯುವಂತಿರಲಿಲ್ಲ.

"ಹೊಸತರ ಹಾಗೆ ಮಾಡಿ ಕೊಡು ಮೋನೆ," ಎಂದು ಮಗನನ್ನು ಕರೆದ ಹಾಗೆ ಹೇಳಿ ಚೇಚಿ ಹೋದರು.

ಎಡಗಡೆಯ ಉದ್ದನೆ ಕವರನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಾಗ ಜಾಸಿರ್ ಅದನ್ನು ಬೆಳಕಿಗೆ ತಂದು ತಿರುಗಿಸಿ ತಿರುಗಿಸಿ ನೋಡಿದ. ಒಂದು ಗುಳಿ ಇಲ್ಲ, ಒಂದು ಬಿರುಕಿಲ್ಲ. ಹಾಲಿನ ಕೆನೆಯಂತಹ ಅಲ್ಯೂಮಿನಿಯಂ. ಹಿಂದಿನ ಮೂಲೆಯಲ್ಲಿ, ಕಾಲಿನ ಮರೆಗೆ ಬೀಳುವ ಜಾಗದಲ್ಲಿ ಮಾತ್ರ ಕೆಲವು ಗೀರುಗಳಿದ್ದವು. ಒಂದರ ಕೆಳಗೊಂದು, ಎಲ್ಲವೂ ಎಡದಿಂದ ಬಲಕ್ಕೆ ಇಳಿಜಾರು. ರಸ್ತೆಯ ಜಲ್ಲಿ ಅಷ್ಟು ಹೇಳಿದಂತೆ ಕೇಳಿಕೊಂಡು ಬಂದು ತಾಗುವುದಿಲ್ಲ. ರಬ್ಬರ್ ಮರ ಕಂಡ ಯಾರಿಗಾದರೂ ಆ ಓರೆ ಗೊತ್ತು. ಹಾಲಿಳಿಸಲು ತೊಗಟೆಗೆ ಹಾಕುವ ಗೀರಿನ ಓರೆ ಅದು. ಜಾಸಿರ್ ಫೋನು ತೆಗೆದ. ಚೇಚಿಯ ನಂಬರು ಹುಡುಕಿದ. ಕೇಳಿದರೆ ಏನು ಹೇಳುತ್ತಾರೆಂದು ಅವನಿಗೆ ಹೆಚ್ಚುಕಡಿಮೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ನೀರು ಹಾಕಿ ಎಮರಿ ಕಾಗದದಿಂದ ತಿಕ್ಕತೊಡಗಿದ. ತೆಳ್ಳಗಿನ ಗೀರುಗಳು ಬೇಗ ಹೋದವು. ಆಳದವು ಹೋಗಲೊಲ್ಲವು. ನಿಲ್ಲಿಸಲು ಬೇಕಾದಷ್ಟು ಹೊತ್ತಿತ್ತು, ಕೈ ನಿಲ್ಲಲಿಲ್ಲ. ಕೊನೆಯದೂ ಮಾಯವಾದ ಮೇಲೆ ಮೋಟರಿನ ಬಟ್ಟೆಚಕ್ರಕ್ಕೆ ಕೊಟ್ಟ, ಮೂಗಿಗೆ ಕಟ್ಟಿದ ಬಟ್ಟೆ ಕಪ್ಪಾಯಿತು, ಮೈದಾ ಉದುರಿಸಿದ, ಒರೆಸಿದ. ಆಗ ಅದು ಕಣ್ಣು ಬಿಟ್ಟಿತು. ಬಸ್ಸು ಈ ಅಂಚಿನಿಂದ ಆ ಅಂಚಿನ ತನಕ ಎಲ್ಲೂ ಮುರಿಯದೆ ಹೋಯಿತು. ಅದರ ಹಿಂದೆ ಒಂದು ಮೋಡವೂ ಹೋಯಿತು. ಜಾಸಿರನಿಗೆ ಅಳು ಬಂದ ಹಾಗಾಯಿತು. ಫೋಟೋ ಹೊಡೆದು ಸ್ಟೇಟಸ್ಸಿಗೆ ಹಾಕಿದ.

ಮಧ್ಯಾಹ್ನ ಉಂಡು, ಕವರನ್ನು ಮಗ್ಗುಲಲ್ಲೇ ಇಟ್ಟುಕೊಂಡು ಶೆಡ್ಡಿನ ಬೆಂಚಿನ ಮೇಲೆ ಒರಗಿದವನಿಗೆ ಕನಸು ಬಿತ್ತು. ಕವರಿನೊಳಗಿನ ರಸ್ತೆಯಲ್ಲಿ ನಡೆಯುತ್ತಿದ್ದಾನೆ. ಎರಡೂ ಬದಿ ರಬ್ಬರ್ ಮರಗಳು, ಬೆಳ್ಳಗೆ, ನುಣ್ಣಗೆ. ಯಾವ ಮರದಲ್ಲೂ ಗೀರಿಲ್ಲ. ಹಾಲಿಗೆಂದು ಕಟ್ಟಿದ ಚಿಪ್ಪುಗಳೆಲ್ಲ ಖಾಲಿ. ಯಾರನ್ನಾದರೂ ದಾರಿ ಕೇಳೋಣವೆಂದರೆ ಜನವೇ ಇಲ್ಲ. ಎಚ್ಚರವಾದಾಗ ಕವರು ಬಿಸಿಲಿಗೆ ಬಿಸಿಯಾಗಿತ್ತು.

ಮರುದಿನ ಬೆಳಿಗ್ಗೆ ಚೇಚಿ ಬಂದರು. ಜೋಸ್ ಪಿಕಪ್ಪು ನಿಲ್ಲಿಸಿ ಎದುರಿನ ಹೋಟೆಲಿಗೆ ಚಾ ಕುಡಿಯಲು ಹೋದರು. ಎಂಜಿನ್ನಿನ ಉಳಿದ ಭಾಗವೆಲ್ಲ ಜೋಡಿಸಿಯಾಗಿತ್ತು. ಈ ಕವರನ್ನು ಮಾತ್ರ ಜಾಸಿರ್ ಇನ್ನೂ ಮಡಿಲಲ್ಲೇ ಇಟ್ಟುಕೊಂಡಿದ್ದ. ಚೇಚಿ ಅದನ್ನು ಕೈಗೆ ತೆಗೆದುಕೊಂಡು, "ಅಯ್ಯೋ, ಎಂತ ಚಂದ!" ಎಂದರು. ಹಾಗೆನ್ನುತ್ತಲೇ ಅವರ ಹೆಬ್ಬೆರಳು ತಾನಾಗಿ ಹಿಂದಿನ ಮೂಲೆಗೆ ಹೋಯಿತು. ಅಲ್ಲಿ ಜಾರಿತು. ಮತ್ತೆ ಹುಡುಕಿತು, ಮತ್ತೆ ಜಾರಿತು.

"ಇಲ್ಲಿ ಗೀರು ಇತ್ತಲ್ಲ ಮೋನೆ?"

"ಇತ್ತು ಚೇಚಿ."

"ಅದು ನಾನು ಹಾಕಿದ್ದು." ಅವರು ಬೆಂಚಿನ ಮೇಲೆ ಕೂತರು. "ಬುಲೆಟ್ಟು ಬಿಡುದು ಹೆಂಗಸರಿಂದ ಆಗುದಿಲ್ಲ ಅಂತ ಇವರು ಹೇಳ್ತಿದ್ದ ಕಾಲ. ಒಂದು ಸಲ ಇವರಿಗೇ ಜ್ವರ ಬಂದು ಮಲಗಿದ್ರು. ಮದ್ದಿಗೆ ಅಂತ ನಾನೇ ಕಡಬಕ್ಕೆ ಬಿಟ್ಕೊಂಡು ಹೋದೆ. ಬಂದು, ಇವರ ಕಣ್ಣಿಗೆ ಬೀಳದ ಜಾಗದಲ್ಲಿ ರಬ್ಬರ್ ಟ್ಯಾಪಿಂಗ್ ಕತ್ತಿಯಿಂದ ಒಂದು ಗೀರು ಹಾಕಿದೆ. ಆಮೇಲೆ ಮಗಳು ನೀತುವನ್ನು ಶಾಲೆಗೆ ಸೇರಿಸ್ಲಿಕ್ಕೆ ರಾಮಕುಂಜಕ್ಕೆ. ಆಡಿನ ಮರಿಗೆ ಸವಣೂರಿಗೆ. ನಾದಿನಿಯ ಹೆರಿಗೆಗೆ ಸುಳ್ಯಕ್ಕೆ. ಒಬ್ಬಳೇ ಮುಟ್ಟಿದ ಊರಿಗೆ ಒಂದೊಂದು. ಸಂಜೆ ಬೆರಳಿಟ್ಟರೆ ಊರು ಒಂದೊಂದಾಗಿ ಬರ್ತಿತ್ತು. ಈಗ ನೋಡು, ಎಲ್ಲಾ ಒಟ್ಟಿಗೆ ಜಾರಿ ಹೋಗ್ತಾ ಉಂಟು."

ಜಾಸಿರ್ ಮೈದಾದ ಬಟ್ಟೆಯನ್ನು ಮಡಚಿ ಮತ್ತೆ ಬಿಚ್ಚಿದ. ಚೇಚಿಯೇ ಅವನ ಮುಖ ನೋಡಿ ಕನಿಕರಪಟ್ಟರು.

"ನಿನ್ನ ತಪ್ಪಲ್ಲ. ಹೊಸತರ ಹಾಗೆ ಮಾಡು ಅಂದದ್ದು ನಾನೇ. ಕಲ್ಲು ತಾಗಿದ್ದು ಅಂತ ಎಣಿಸಿದ್ದಿ, ಅಲ್ವಾ?"

ಹೌದು ಎಂದರೆ ಮುಗಿಯುತ್ತಿತ್ತು. ಕವರು ಹೀಗೆಯೇ ಹೊಳೆಯುತ್ತಿತ್ತು, ಚೇಚಿ ತನ್ನನ್ನೇ ಬೈದುಕೊಂಡು ಮನೆಗೆ ಹೋಗುತ್ತಿದ್ದರು. ಆ ಎರಡಕ್ಷರ ಅವನ ನಾಲಗೆಯ ತುದಿಗೆ ಬಂದೂ ಇತ್ತು. ಅವನು ನುಂಗಿಕೊಂಡ.

"ಅಲ್ಲ ಚೇಚಿ. ಯಾರೋ ಬೇಕೂಂತ ಹಾಕಿದ್ದು ಅಂತ ನಂಗೆ ಗೊತ್ತಾಗಿತ್ತು. ಫೋನು ಕೈಗೆ ತೆಗೊಂಡಿದ್ದೆ. ಕೇಳಿದ್ರೆ ಬೇಡ ಅಂತೀರಿ ಅಂತ ಕೇಳ್ಲಿಲ್ಲ. ಒಂದು ಕಲೆಯೂ ಇಲ್ಲದ್ದು ನಂಗೆ ಒಂದು ಬೇಕಿತ್ತು."

ಚೇಚಿಯ ಮುಖ ಕೆಂಪಾಯಿತು. ಬೈಗುಳ ಬರುತ್ತದೆಂದು ಜಾಸಿರ್ ತಲೆ ತಗ್ಗಿಸಿ ಕಾದ. ಬರಲಿಲ್ಲ. ಅವರು ಕವರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಒಳಗೆ ನೋಡಿದರು. ಒಂದು ಬಸ್ಸು ಹೋಯಿತು, ಅದರ ಹಿಂದೆ ಇನ್ನೊಂದು.

"ಅಷ್ಟು ಆಸೆಯಾ?"

"ಹೌದು."

"ಚೂಪಿನದ್ದು ಎಂತಾದರೂ ಉಂಟಾ ಇಲ್ಲಿ?"

ಅವನು ಲೋಹದ ಮೇಲೆ ಗೆರೆ ಎಳೆಯುವ ಉಕ್ಕಿನ ಗುರುತುಕಡ್ಡಿ ತಂದು ಚಾಚಿದ. ಚೇಚಿ ತೆಗೆದುಕೊಳ್ಳಲಿಲ್ಲ. ಕವರನ್ನು ಅವನ ಮಡಿಲಿಗೇ ವಾಪಸು ಇಟ್ಟರು.

"ನೀನೇ ಹಾಕು. ಪುತ್ತೂರಿಗೆ ಒಂದು. ಇಲ್ಲಿಯ ಬಸ್ಸುಗಳಿಗೆ ಹೆದರಿ ಇಷ್ಟು ವರ್ಷ ನಾನು ಈ ಪೇಟೆಯಲ್ಲಿ ಬಿಟ್ಟದ್ದೇ ಇಲ್ಲ. ಇವತ್ತು ಮನೆಗೆ ನಾನೇ ಬಿಡುದು. ಇವರು ಪಿಕಪ್ಪಿನಲ್ಲಿ ಹಿಂದಿನಿಂದ ಬರಲಿ."

"ನಾನಾ ಚೇಚಿ?"

"ತೆಗೀಲಿಕ್ಕೆ ಬಂದವನಿಗೆ ಹಾಕ್ಲಿಕ್ಕೆ ಬರುದಿಲ್ವಾ?"

ಜಾಸಿರ್ ಗೀರು ತೆಗೆದವನೇ ಹೊರತು ಬೇಕೆಂದು ಒಂದನ್ನೂ ಹಾಕಿದವನಲ್ಲ. ಕಡ್ಡಿಯ ಮೊನೆ ತಾಗುವ ಮೊದಲೇ ಹೊಳಪಿನೊಳಗಿನಿಂದ ಇನ್ನೊಂದು ಮೊನೆ ಬಂದು ಅದಕ್ಕೆ ಎದುರಾಯಿತು. ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ಎಡದಿಂದ ಬಲಕ್ಕೆ ಎಳೆದ. ಹಲ್ಲು ಚುಳ್ಳೆನ್ನುವಂತಹ ಸದ್ದಾಯಿತು. ಒಳಗಿನ ದರ್ಬೆ ಅಷ್ಟಗಲ ಸೀಳಿತು. ಸೀಳಿನ ಮೇಲೆ ಅವನ ಬೆವರಹನಿಯೊಂದು ಬಿತ್ತು.

"ಸೊಟ್ಟ ಆಯ್ತು ಚೇಚಿ," ಎಂದ.

ಚೇಚಿ ಬೆವರನ್ನು ಸೆರಗಿನಿಂದ ಒರೆಸಿ ಹೆಬ್ಬೆರಳಿಟ್ಟು ನೋಡಿದರು. ಈ ಸಲ ಬೆರಳು ನಿಂತಿತು.

"ಹೆದರಿದವರು ಹಾಕಿದ್ದು ಸೊಟ್ಟವೇ ಬರುದು," ಎಂದರು. "ನನ್ನ ಕಡಬದ್ದೂ ಹಾಗೇ ಇತ್ತು. ಇನ್ನು ಫಿಟ್ ಮಾಡು, ಹೊರಡುವ."