ಟ್ಯಾಂಕಿಗೆ ಬಿದ್ದ ಆಶೀರ್ವಾದ

ಜೆಪ್ಪಿನ ಹ್ಯೂಬರ್ಟ್‌ರ ಗ್ಯಾರೇಜಿನಿಂದ ಕಾರು ರೇಸಿಗೆ ಹೊರಟಿತೆಂದರೆ ಅವರ ಅಕ್ಕ ಐರಿನ್ ಚರ್ಚಿನಿಂದ ತಂದ ಪವಿತ್ರ ಜಲದ ಬಾಟಲಿ ಹಿಡಿದು ಹಾಜರಾಗಲೇಬೇಕು. ಬಾನೆಟ್ಟಿಗೆ ನಾಲ್ಕು ಹನಿ, ಸ್ಟೇರಿಂಗಿಗೆ ಎರಡು ಹನಿ, ಡ್ರೈವರನ ತಲೆಗೆ ಧಾರಾಳ. ಡ್ರೈವರ್ ದೀಪೇಶ್ ಭೂತ-ದೈವಗಳನ್ನು ನಂಬುವ ತುಳು ಮನೆಯ ಹುಡುಗ. ಅವನು ತಲೆ ಬಗ್ಗಿಸುವಷ್ಟು ಭಕ್ತಿಯಿಂದ ಹ್ಯೂಬರ್ಟ್‌ರ ಮನೆಯವರೇ ಬಗ್ಗಿಸುತ್ತಿರಲಿಲ್ಲ.

ಹ್ಯೂಬರ್ಟ್‌ರ ಮಗಳು ಸಿಂಥಿಯಾಗೆ ಈ ಸಲ ಆ ಕಡೆ ನೋಡಲೂ ಪುರುಸೊತ್ತಿರಲಿಲ್ಲ. ಹೋದ ವರ್ಷ ಅವಳು ಕಟ್ಟಿದ ಎಂಜಿನ್ ಪಣಂಬೂರಿನ ಮಣ್ಣಿನ ಟ್ರ್ಯಾಕಿನಲ್ಲಿ, ಎಲ್ಲರೂ ನೋಡುತ್ತಿರುವಾಗಲೇ, ಕೆಮ್ಮಿ ನಿಂತುಬಿಟ್ಟಿತ್ತು. ಬಂಕಿನಲ್ಲಿ ಸಿಗುವ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆ ಅದನ್ನು ಹದ ಮಾಡಿದ್ದಳು. ಬಿಚ್ಚಿ ನೋಡಿದರೆ ಫಿಲ್ಟರಿನಲ್ಲಿ ನೀರು. ಎಥನಾಲ್ ಕಡಲ ಗಾಳಿಯ ತೇವ ಹೀರಿರಬೇಕು, ಪೆಟ್ರೋಲ್ ಕ್ಯಾನಿನ ಮುಚ್ಚಳ ತಾನೇ ಬಿಗಿ ಮಾಡಿರಲಿಕ್ಕಿಲ್ಲ ಎಂದು ಅವಳೇ ನಂಬಿಬಿಟ್ಟಳು. ಹ್ಯೂಬರ್ಟ್ ಮಾತ್ರ, "ಎಥನಾಲ್ ಅಂದರೆ ಸಾರಾಯಿಯೇ ಅಲ್ವಾ? ಎಂಜಿನಿಗೆ ಕುಡಿಸಿದರೆ ಅದು ತೂರಾಡದೆ ಇನ್ನೆಂತ ಮಾಡ್ತದೆ?" ಎಂದು ಸಿಕ್ಕಸಿಕ್ಕವರನ್ನೆಲ್ಲ ನಗಿಸಿದರು. ಆ ನಗು ಅವಳನ್ನು ವರ್ಷವಿಡೀ ಚುಚ್ಚಿತು. ಈ ಸಲವೂ ನಿಂತರೆ ಗ್ಯಾರೇಜಿನಲ್ಲಿ ರೇಸ್ ಎಂಜಿನ್ ಕಟ್ಟುವುದು ಬಂದ್, ಬರೀ ಸರ್ವಿಸ್ ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು.

ಬೇರೆಯವರಾದರೆ ಎಥನಾಲಿನ ಸಹವಾಸವೇ ಬೇಡ ಎನ್ನುತ್ತಿದ್ದರು. ಸಿಂಥಿಯಾ ಎಂಬತ್ತೈದು ಪಾಲು ಎಥನಾಲ್ ಇರುವ ಇಂಧನಕ್ಕೇ ಕೈಹಾಕಿದಳು. ರೇಸ್ ನಡೆಸುವವರು ಈ ವರ್ಷ ಅದಕ್ಕೆ ಒಪ್ಪಿದ್ದರು. ಎಂಜಿನಿಗೆ ಅದನ್ನು ಪೆಟ್ರೋಲಿಗಿಂತ ಹೆಚ್ಚು ಸುರಿಯಬೇಕು, ಹಾಗಾಗಿ ದೊಡ್ಡ ಇಂಜೆಕ್ಟರ್, ದೊಡ್ಡ ಪಂಪ್ ಕೂರಿಸಿದಳು. ಈ ಇಂಧನ ಎಂಜಿನಿನ ಒಳಗನ್ನು ತಂಪಾಗಿಡುತ್ತದೆ, ಒತ್ತಡ ಏರಿಸಿದರೂ ಕಟಕಟ ಬಡಿಯಲು ಬಿಡುವುದಿಲ್ಲ. ಹಾಗಾಗಿ ಕಂಪ್ರೆಶನ್ ಏರಿಸಿದಳು. ಎಥನಾಲ್ ತಿಂದುಹಾಕೀತೆಂದು ಹಳೆಯ ರಬ್ಬರ್ ಪೈಪುಗಳನ್ನು ಕಿತ್ತೆಸೆದಳು. ಎಂಜಿನ್ ಮೊದಲ ಸಲ ಗುಡುಗಿದಾಗಲೇ ಅವಳಿಗೆ ಗೊತ್ತಾಗಿತ್ತು, ಇದು ಓಡುತ್ತದೆ.

ಪಣಂಬೂರಿನಲ್ಲಿ ಕಾರು ಸಾಲಿನಲ್ಲಿ ನಿಂತಿತ್ತು. ಐರಿನ್ ಖಾಲಿ ಬಾಟಲಿಯನ್ನು ಬ್ಯಾಗಿಗೆ ಹಾಕುತ್ತಾ ಸಿಂಥಿಯಾಳ ಹತ್ತಿರ ಬಂದರು.

"ಈ ಸಲ ಹೆದರಬೇಡ. ಪೂರ್ತಿ ಬಾಟಲಿ ಟ್ಯಾಂಕಿಗೇ ಹಾಕಿದ್ದೇನೆ."

"ಎಂತ ಆಂಟಿ? ಟ್ಯಾಂಕಿಗಾ?"

"ಮತ್ತೆ? ಮೇಲೆ ಚಿಮುಕಿಸಿದರೆ ಪೈಂಟಿಗೆ ಮಾತ್ರ ಆಶೀರ್ವಾದ. ಓಡುವುದು ಎಂಜಿನ್ ಅಲ್ವಾ? ಹೋದ ವರ್ಷವೂ ಹಾಕಿದ್ದೆ, ಅರ್ಧ ಬಾಟಲಿ. ಅದು ಸಾಕಾಗ್ಲಿಲ್ಲ."

ಸಿಂಥಿಯಾ ಟ್ಯಾಂಕಿನ ಮುಚ್ಚಳದ ಕಡೆ ನೋಡಿದಳು. ವರ್ಷವಿಡೀ ಹೊತ್ತ ತಪ್ಪು ತನ್ನದಾಗಿರಲೇ ಇಲ್ಲ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಹ್ಯೂಬರ್ಟ್‌ರ ಮುಖ ಬಿಳಿಚಿಕೊಂಡಿತು.

"ಎಂತ ಮಾಡಿದೆ ಅಕ್ಕ ನೀನು!" ಎಂದು ಅಕ್ಕನಿಗೆ ಹೇಳಿ ಅವರು ಕಾರಿನ ಕಡೆ ತಿರುಗಿದರು. "ದೀಪೇಶ್, ಕಾರು ಹಿಂದೆ ತೆಗಿ."

"ಬೇಡ ಡ್ಯಾಡಿ. ಓಡ್ತದೆ," ಎಂದಳು ಸಿಂಥಿಯಾ.

"ಅದರಲ್ಲಿ ನೀರುಂಟು ಮಾರಾಯ್ತಿ!"

ವಾದ ಮಾಡುತ್ತಾ ಕೂರುವ ಜಾಯಮಾನ ಅವಳದಲ್ಲ. ಎರಡು ಖಾಲಿ ನೀರಿನ ಬಾಟಲಿ ತಂದಳು. ಒಂದಕ್ಕೆ ದೀಪೇಶನ ಬೈಕಿನಿಂದ ಬಂಕಿನ ಪೆಟ್ರೋಲ್, ಇನ್ನೊಂದಕ್ಕೆ ಕ್ಯಾನಿನಲ್ಲಿ ಉಳಿದಿದ್ದ ರೇಸ್ ಇಂಧನ, ಕಾಲು ಕಾಲು ಬಾಟಲಿಯಷ್ಟು ಹಾಕಿದಳು. ಎರಡಕ್ಕೂ ಒಂದೊಂದು ಮುಚ್ಚಳ ನೀರು ಹಾಕಿ ಕುಲುಕಿದಳು. ಬೈಕಿನ ಪೆಟ್ರೋಲ್ ಗಂಜಿ ತಿಳಿಯ ಹಾಗೆ ಮಬ್ಬಾಗಿ, ಆಮೇಲೆ ಅಡಿಯಲ್ಲಿ ಬೇರೆಯೇ ಒಂದು ಪದರ ಕೂತಿತು. ಇನ್ನೊಂದು ಬಾಟಲಿಯಲ್ಲಿ ಗೆರೆಯೂ ಇಲ್ಲ, ಮಬ್ಬೂ ಇಲ್ಲ.

"ಹೋದ ವರ್ಷ ಆದದ್ದು ಇದು," ಎಂದು ಮೊದಲನೆಯದನ್ನು ತೋರಿಸಿದಳು. "ನೀರು ಎಥನಾಲನ್ನೂ ಎಳ್ಕೊಂಡು ಕೆಳಗೆ ಕೂತಿತು. ಪಂಪ್ ಅದನ್ನೇ ಎಂಜಿನಿಗೆ ಕೊಟ್ಟಿತು. ಇದರಲ್ಲಿ ಎಥನಾಲೇ ಜಾಸ್ತಿ ಉಂಟಲ್ಲ, ಇಷ್ಟು ನೀರನ್ನು ಅದು ತನ್ನೊಳಗೇ ಇಟ್ಕೊಳ್ತದೆ. ಪವರ್ ಒಂಚೂರು ಹೋಗಬಹುದು. ನಿಲ್ಲುವುದಿಲ್ಲ."

"ನಿಂತರೆ?"

"ನಿಂತರೆ ಸರ್ವಿಸ್ ಮಾತ್ರ. ನೀವು ಹೇಳಿದ ಹಾಗೆಯೇ."

ಹ್ಯೂಬರ್ಟ್ ಎರಡೂ ಬಾಟಲಿಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕಾರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ಬಾವುಟ ಬಿತ್ತು, ಕಾರು ಕೆಂಪು ಧೂಳೆಬ್ಬಿಸಿ ಚಿಮ್ಮಿತು. ಹೋದ ವರ್ಷ ನಿಂತ ತಿರುವು ಬಂದಾಗ ಹ್ಯೂಬರ್ಟ್ ಕಣ್ಣು ಮುಚ್ಚಿಕೊಂಡರು. ಸಿಂಥಿಯಾ ಮುಚ್ಚಲಿಲ್ಲ. ಎಂಜಿನ್ ಒಂದೇ ಉಸಿರಿನಲ್ಲಿ ತಿರುವು ದಾಟಿ, ನೇರ ದಾರಿಯಲ್ಲಿ ಮುಂದಿನವರನ್ನು ಒಬ್ಬೊಬ್ಬರಾಗಿ ಹಿಂದಿಕ್ಕಿ, ಎರಡನೆಯದಾಗಿ ಗುರಿ ಮುಟ್ಟಿತು.

"ನಾನು ಹೇಳ್ಲಿಲ್ವಾ? ಪೂರ್ತಿ ಬಾಟಲಿಯೇ ಬೇಕು," ಎಂದರು ಐರಿನ್.

ಮೊದಲು ಬಂದ ಕಾರಿನ ಮಾಲೀಕ ಅಫ್ರೋಝ್ ನೇರ ಹ್ಯೂಬರ್ಟ್‌ರ ಬಳಿ ಬಂದ. "ನನಗೂ ಇಂಥದ್ದೊಂದು ಎಂಜಿನ್ ಬೇಕು ಅಂಕಲ್. ಯಾರ ಕೈ ಇದು?"

ಹೋದ ವರ್ಷ ನಕ್ಕವರೆಲ್ಲ ಅಲ್ಲೇ ಸುತ್ತ ನಿಂತಿದ್ದರು. ಹ್ಯೂಬರ್ಟ್ ಅವರಿಗೂ ಕೇಳಿಸಲೆಂದೇ ದನಿ ಎತ್ತರಿಸಿದರು.

"ನನ್ನ ಮಗಳದ್ದು. ಹೋದ ವರ್ಷದ್ದೂ ಅವಳೇ ಕಟ್ಟಿದ್ದು. ಅದೂ ಸರಿಯೇ ಇತ್ತು ಮಾರಾಯ, ನಾನೇ ಸುಮ್ಮನೆ ನಗಾಡಿದ್ದು."

ಆ ಕೊನೆಯ ಮಾತು ಕೇಳಿದ ಮೇಲೆಯೇ ಸಿಂಥಿಯಾಗೆ ಗೆದ್ದೆ ಅನ್ನಿಸಿದ್ದು.