ಅಂಗಿಯ ಇನ್ನೊಂದು ತುದಿ

ನೆನೆದ ಬಳಪದ ವಾಸನೆ, ಅಪ್ಪ ಕಲ್ನಾರು ಕಾರ್ಖಾನೆಯಿಂದ ಬಂದು ಅಂಗಿ ಬಿಚ್ಚಿದರೆ ಹಿತ್ತಲಿಗೆಲ್ಲ ಹಬ್ಬುತ್ತಿದ್ದ ಅದೇ ವಾಸನೆ, ಅರವತ್ತು ವರ್ಷದ ಮೇಲೆ ಅವಳ ಕಿಟಕಿಯಿಂದ ಬಂತೇ — ಇಲ್ಲ, ಬರಲಾರದು, ಎದುರಿನ ಹಳೆ ಶಾಲೆಯನ್ನು ರಿಪೇರಿ ಮಾಡುವವರು ಸುತ್ತಲೂ ಪ್ಲಾಸ್ಟಿಕ್ ಪರದೆ ಕಟ್ಟಿ ಅಂಚಿಗೆಲ್ಲ ಟೇಪು ಹಚ್ಚಿದ್ದಾರೆ, ಮಾಡಿನ ಕಲ್ನಾರು ಶೀಟುಗಳಿಗೆ, ಅದೇ ಆಸ್ಬೆಸ್ಟಾಸಿಗೆ, ನೀರು ಚಿಮುಕಿಸಿ, ಮುರಿಯದೆ, ಮಲಗಿದ ಮಗುವನ್ನು ಎತ್ತಿದ ಹಾಗೆ ಇಳಿಸುತ್ತಾರೆ, ಒಂದರ ಮೇಲೊಂದು ಎರಡು ಚೀಲದಲ್ಲಿ ಕಟ್ಟುತ್ತಾರೆ, ಇಷ್ಟೆಲ್ಲ ಬಲ್ಲವರು ಆಗ ಎಲ್ಲಿದ್ದರು, ಒದ್ದೆ ಮಾಡಿದರೆ ಧೂಳು ಏಳುವುದಿಲ್ಲ ಎಂದು ಅಮ್ಮನಿಗೆ ಯಾರೂ ಹೇಳಲಿಲ್ಲ, ಅಮ್ಮನದು ಒಂದೇ ಚಿಂತೆ, ಒಗೆಯುವ ನೀರು ಕೆಸರಾಗುತ್ತೆ ಕಣೇ, ಮೊದಲು ಕೊಡವೋಣ, ಆ ತುದಿ ಹಿಡಿ, ಗಟ್ಟಿಯಾಗಿ — ಅಮ್ಮ ಕೊರಳಪಟ್ಟಿ ಹಿಡಿಯುತ್ತಾಳೆ, ಪುಟ್ಟ ಹುಡುಗಿ ಅವಳು ಅಂಗಿಯ ಅಂಚು, ಫಟ್, ಬಿಸಿಲಲ್ಲಿ ಮಿನುಗು, ನೋಡಮ್ಮ ಬೆಳ್ಳಿ, ಹೂಂ ಕಣೇ, ನಿನ್ನ ಮದುವೆಗೆ ಕೂಡಿಡ್ತೀನಿ, ಇಬ್ಬರಿಗೂ ನಗು, ಇನ್ನೊಮ್ಮೆ ಫಟ್. ಅಪ್ಪ ಎಂಬತ್ತೆರಡರ ವಯಸ್ಸಿನವರೆಗೆ ಗಟ್ಟಿಮುಟ್ಟಾಗಿದ್ದ, ಕಾರ್ಖಾನೆಯ ಬಾಗಿಲನ್ನೂ ಕಾಣದ ಅಮ್ಮನ ಉಸಿರು ಕಟ್ಟುತ್ತ ಬಂತು, ನೀವು ಅಲ್ಲಿ ದುಡೀತಿದ್ರಾ ಎಂದ ಡಾಕ್ಟರಿಗೆ, ಇಲ್ಲಪ್ಪ, ಬಟ್ಟೆ ಒಗೀತಿದ್ದೆ, ನಾನೊಬ್ಬಳೇ — ಒಬ್ಬಳೇ ಎಂದು ಮಗಳ ಮುಖ ನೋಡದೆ ಹೇಳಿದಳು.

ಶಾಲೆಯ ಅಂಗಳದಲ್ಲಿ ಮಾತು, ಮೇಸ್ತ್ರಿಯ ದನಿ, ಸ್ನಾನದ ಟ್ಯಾಂಕಿ ಖಾಲಿ, ನೀರಿನ ಗಾಡಿ ಬರೋದು ನಾಲ್ಕಕ್ಕೆ, ಅಲ್ಲೀವರೆಗೂ ಸ್ನಾನದ ಗೂಡಿಂದ ಹೊರಗೆ ಬರಬೇಡ, ಮೈಮೇಲಿನ ಧೂಳು ತೊಳೀಬೇಕು, ಗೂಡಿನೊಳಗಿನ ಕೆಲಸಗಾರನಿಗೆ ಅವಸರ, ಶನಿವಾರ ಅರ್ಧ ದಿನ, ಬಸ್ಸು ತಪ್ಪುತ್ತೆ ಸಾರ್, ಬಿಳಿ ಕವಚ ಬಿಚ್ಚಿದೆನಲ್ಲ, ಅದು ಭುಜದ ಹತ್ರ ಹರಿದಿತ್ತು, ಅಂಗಿಗೆ ಚೂರು ಧೂಳು ಅಷ್ಟೇ, ಮನೇಲಿ ಹೆಂಡತಿ ಕೊಡವಿ ಒಗೀತಾಳೆ ಬಿಡಿ. ಕೊಡವಿ — ಕಿಟಕಿಯಲ್ಲಿದ್ದ ಅವಳು ಯಾವಾಗ ಬಕೆಟ್ಟಿಗೆ ನಲ್ಲಿ ತಿರುಗಿಸಿದಳೋ, ಅರ್ಧರ್ಧ ಬಕೆಟ್ಟು, ಬೀದಿ ದಾಟಿ, ಮತ್ತೆ ಬಂದು, ಮತ್ತೆ ದಾಟಿ, ಮೊಣಕಾಲು ಬೈಯುತ್ತಿದೆ, ಮೇಸ್ತ್ರಿ ಗೇಟಿಗೇ ಬಂದು ಇಸಕೊಳ್ಳುತ್ತಾನೆ, ಅಜ್ಜಿ, ಈ ವಯಸ್ಸಲ್ಲಿ ನಿಮಗ್ಯಾಕೆ ಈ ಉಸಾಬರಿ, ಎಂದದ್ದಕ್ಕೆ ಅವಳು, ನೀರು ಹಾಕ್ಕೊಳ್ಳಲಿ ಅವನು, ಅಂಗಿಯನ್ನು ಒದ್ದೆ ಮಾಡಿ ನಿಮ್ಮ ಚೀಲಕ್ಕೇ ಹಾಕಲಿ, ಮನೆಗೆ ಬೇಡ, ಗೂಡಿನೊಳಗಿಂದ ನಗು, ಹೊಸ ಅಂಗಿ ಅಜ್ಜಿ, ಹೆಂಡತಿನೇ ಆರಿಸಿದ್ದು, ಬಿಟ್ಟು ಹೋದರೆ ನನ್ನನ್ನೇ ಚೀಲಕ್ಕೆ ತುಂಬ್ತಾಳೆ. ನಗಬೇಕಿತ್ತು ಅವಳೂ, ಬಾಯಿಗೆ ಬಂದದ್ದು ಬೇರೆ, ಯಾರಿಗೂ ಹೇಳದಿದ್ದದ್ದು, ನಮ್ಮಮ್ಮ ಅಪ್ಪನ ಅಂಗಿ ಕೊಡವುತ್ತಿದ್ದಳಪ್ಪ, ಆ ಧೂಳಲ್ಲೇ ಹೋದಳು, ಇನ್ನೊಂದು ತುದಿ ನಾನು ಹಿಡೀತಿದ್ದೆ, ಗಟ್ಟಿಯಾಗಿ ಹಿಡೀತಿದ್ದೆ.

ಗೂಡಿನಲ್ಲಿ ನೀರು ಸುರಿಯುವ ಸದ್ದು, ತುಂಬ ಹೊತ್ತು, ಆಮೇಲೆ ಚೀಲದ ಬಾಯಿಗೆ ಟೇಪು ಎಳೆಯುವ ಕರ್ರ್ ಸದ್ದು, ಅವಳು ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದಾಳೆ, ಏಳಲಾಗುತ್ತಿಲ್ಲ, ಬೀದಿಯ ತುದಿಯಲ್ಲಿ ಅವನ ಬಸ್ಸು ಬಂದು ನಿಂತು ಹೊರಟೂ ಹೋಯಿತು, ಅವನು ಬೇರೆ ಬಟ್ಟೆ ಹಾಕಿಕೊಂಡು ಬಂದು ಪಕ್ಕದಲ್ಲೇ ಕೂತ, ತಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ, ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿ, ಅರ್ಧ ಊಟವನ್ನು ಮುಚ್ಚಳಕ್ಕೆ ಹಾಕಿ, ಅವಳ ಮಡಿಲಲ್ಲಿಟ್ಟ.