ಜಂಬೋ ವಿಮಾನ ನೂಕಿದ ಮಶಾಕ

ನಾನೂರು ಜನ ಕೂತಿದ್ದ ಜಂಬೋ ವಿಮಾನ ಹೈದರಾಬಾದಿನ ಬೇಗಂಪೇಟ ನಿಲ್ದಾಣದಲ್ಲಿ ಮೊಂಡು ಎಮ್ಮೆಯಂತೆ ನಿಂತುಬಿಟ್ಟಾಗ, ಅಲ್ಲೇ ಕೆಲಸಕ್ಕಿದ್ದ ಮಶಾಕ ಒಂದೇ ಹೆಗಲು ಕೊಟ್ಟು ನೂಕಿ ಅದನ್ನು ಆಕಾಶಕ್ಕೇರಿಸಿದ್ದ. ಮೋಡ ದಾಟುವವರೆಗೂ ಪೈಲಟ್ ಕಿಟಕಿಯಿಂದ ಕೈ ಚಾಚಿ ಸಲಾಮು ಹೊಡೆಯುತ್ತಲೇ ಇದ್ದನಂತೆ. ಅವನ ಊರು ಶಹಾಬಾದಿನಲ್ಲಿ ಇದನ್ನು ನಂಬದವರೂ ಕೇಳುವ ಚಟ ಮಾತ್ರ ಬಿಟ್ಟಿರಲಿಲ್ಲ.

ನಂಬಿ ಕೆಟ್ಟವರು ಅವನ ಸೋದರಮಾವ ಹಾಜಿಸಾಬ. ಹುಟ್ಟಿದಾಗಲೇ ಆ ಹೆಸರಿಟ್ಟಿದ್ದರೂ ಹಜ್ ಯಾತ್ರೆ ಕೂಡಿಬಂದದ್ದು ಎಪ್ಪತ್ತು ದಾಟಿದ ಮೇಲೆ, ಎರಡು ಸಾವಿರದ ಎಂಟರಲ್ಲಿ. ಅಷ್ಟರೊಳಗೆ ಕಲ್ಲಿನ ಗಣಿ ಅವರ ಎರಡೂ ಮೊಣಕಾಲು ತಿಂದು ತೇಗಿತ್ತು.

“ವಿಮಾನದ ಮೆಟ್ಲ ಹ್ಯಾಂಗ ಹತ್ಲೋ?” ಎಂದು ಅವರು ಕೇಳಿದ್ದಕ್ಕೆ ಮಶಾಕ ಎದೆಯುಬ್ಬಿಸಿದ್ದ. “ನೀವ್ಯಾಕ ಹತ್ತತೀರಿ ಮಾಮು? ನಾನೇ ಎತ್ತಿ ಸೀಟಿನ ಮ್ಯಾಲ ಕುಂದ್ರಸ್ತೀನಿ. ಅಲ್ಲಿ ಇಳಿದ್ಮ್ಯಾಲ ಜಿದ್ದಾ ನಿಲ್ದಾಣದಾಗ ನಮ್ಮ ಹುಡುಗ್ರು ಗಾಲಿಕುರ್ಚಿ ಹಿಡಕೊಂಡು ನಿಂತಿರ್ತಾರ!”

ಆ ಮಾತಿನ ಮೇಲೆ ಹಾಜಿಸಾಬ ಜೊತೆಗೆ ಬರಬೇಕಿದ್ದ ಮಗನ ಸೀಟನ್ನೇ ಬಿಟ್ಟುಕೊಟ್ಟಿದ್ದರು. ಅದೀಗ ಬೇರೆ ಯಾರದೋ ಪಾಲಾಗಿತ್ತು.

ಹೊರಡುವ ದಿನ, ಹೈದರಾಬಾದಿನ ರೈಲು ಹಿಡಿಯಲು ವಾಡಿ ಜಂಕ್ಷನ್ನಿಗೆ ಒಯ್ಯುವ ಜೀಪು ಬಾಗಿಲಿಗೆ ಬಂದು ನಿಂತಾಗ, ಮಶಾಕ ಮಂದಿಯ ಹಿಂದೆ ಸರಿದ. ಜೀಪು ಕೆಡಲಿ, ರೈಲು ಹಳಿ ಮರೆಯಲಿ, ವಾಡಿ ಜಂಕ್ಷನ್ನೇ ನೆಲದೊಳಗಿಳಿಯಲಿ ಎಂದು ಬೇಡಿಕೊಂಡ. ಜೀಪಿನವನು ಹಾರ್ನ್ ಹೊಡೆದ.

ಹಜ್‌ಗೆ ಹೊರಟವರು ಎಲ್ಲರ ಹತ್ತಿರ ಕ್ಷಮೆ ಕೇಳಿಕೊಂಡೇ ಹೊಸ್ತಿಲು ದಾಟಬೇಕು. ಕೊರಳ ತುಂಬ ಹೂವಿನ ಹಾರ ಹಾಕಿಕೊಂಡ ಹಾಜಿಸಾಬ, ಗೋಡೆ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಂತು, ಕೊನೆಗೆ ಮಶಾಕನ ಎರಡೂ ಕೈ ಹಿಡಿದರು.

“ಮಶಾಕ, ಹಿಂದೊಮ್ಮೆ ಮಂದಿ ಮುಂದ ನಿನಗ ಝೂಟಾ, ಸುಳ್ಳುಗಾರ ಅಂದಿದ್ದೆ. ಮಾಫ್ ಮಾಡಪ್ಪ. ನೀ ಮಾಡ್ಲಿಲ್ಲಂದ್ರ ನನ್ನ ಹಜ್ ಕಬೂಲ್ ಆಗಂಗಿಲ್ಲ.”

ಮಶಾಕ ತಲೆ ತಗ್ಗಿಸಿ ಕೈ ಬಿಡಿಸಿಕೊಳ್ಳಲು ನೋಡಿದ. ಹಾಜಿಸಾಬರ ಹೆಂಡತಿ ಅಮೀರ್‌ಬೀ ಪಕ್ಕದಿಂದ ಚುಚ್ಚಿದಳು: “ಮಾಡೀನಿ ಅನ್ನೋ ದೊಡ್ಡಮನಷ್ಯಾ! ವಿಮಾನ ನೂಕಿದಾಂವಗ ಬಾಯಿ ತೆರೀಲಕ್ಕ ಆಗವಲ್ದೇನು?”

ಮಶಾಕ ಮಾವನ ಮೊಣಕಾಲು ತಬ್ಬಿ ಕುಸಿದ.

“ಮಾಫಿ ನೀವ್ಯಾಕ ಕೇಳ್ತೀರಿ ಮಾಮು! ನೀವಂದಿದ್ದು ಖರೇನೇ ಅದ. ನಾ ಸಾಮಾನಿನ ಗಾಡಿ ನೂಕಾಂವ. ವಿಮಾನ ಎಲ್ಲಾ ಶಂಷಾಬಾದಿನ ಹೊಸ ನಿಲ್ದಾಣಕ್ಕ ಹೋದವು, ನಮ್ಮ ಠೇಕೇದಾರ ನಮ್ಮನ್ನ ಕೆಲಸದಿಂದ ತೆಗೆದ. ಈಗ ನನಗ ಗೇಟಿನ ಒಳಗೂ ಬಿಡಂಗಿಲ್ಲ. ಜಿದ್ದಾದಾಗ... ಜಿದ್ದಾದಾಗ ನನಗ ಒಂದು ನರಪಿಳ್ಳೀನೂ ಗೊತ್ತಿಲ್ರಿ.”